ಹೊಸ್ತಿಲಿಗೆ ಇಪ್ಪತ್ತೊಂದು ಬೆರಳು

ಒಡಹುಟ್ಟಿದ ಅಕ್ಕ ನನ್ನ ಮನೆಯಲ್ಲಿ ಮಲಗಿದ್ದಕ್ಕೆ ನಾನು ವಸ್ತಿ ಪಟ್ಟಿ ಕಟ್ಟಬೇಕಂತೆ! ಇದನ್ನು ಹೇಳಲು ಪುರಸಭೆಯವರಿಗೆ ನಾಲಿಗೆಯಾದರೂ ಹೇಗೆ ಬಂತು ಎಂದು ನಾನು ಇವತ್ತಿಗೂ ಕೇಳುತ್ತೇನೆ. ಕೇಳಿಸಿಕೊಂಡವರು, ಹೋಗಲಿ ಬಿಡು ನೀಲವ್ವ, ಆದದ್ದು ಆಗಿಹೋಯಿತು ಅನ್ನುತ್ತಾರೆ. ಹೋಗಲಿ ಅಂತ ಬಿಡುವುದು ನನ್ನ ಜಾಯಮಾನದಲ್ಲೇ ಇಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ, ನನ್ನ ತಪ್ಪಿದ್ದರೆ ಅದನ್ನೂ ಮುಚ್ಚಿಡುವುದಿಲ್ಲ. ನ್ಯಾಯ ನೀವೇ ಹೇಳಿ.

ನಮ್ಮೂರಿಗೆ ಮಂದಿ ಬರುವುದು ಬಿಸಿನೀರಿನ ಹೊಂಡಕ್ಕೆ. ಮಂಡಿನೋವು, ಸೊಂಟನೋವು, ಹಿಮ್ಮಡಿ ಸೆಳೆತ ಅಂತ ದಸರೆ ಮುಗಿದ ಮೇಲೆ ಬರಲು ಶುರುಮಾಡಿದರೆ ಶಿವರಾತ್ರಿಯ ತನಕ ಸಾಲು ನಿಲ್ಲುವುದಿಲ್ಲ. ನಾಲ್ಕು ದಿನ, ಎಂಟು ದಿನ ಇದ್ದು, ಹೊಂಡದಲ್ಲಿ ಕಾಲು ಇಳಿಬಿಟ್ಟು ಕೂತು, ನೋವು ಅರ್ಧ ಇಲ್ಲೇ ಬಿಟ್ಟು ಹೋಗುತ್ತಾರೆ. ಅವರಿಗೆ ಕೋಣೆ ಕೊಡುವ ನನ್ನಂಥ ಮನೆಗಳು ಊರಲ್ಲಿ ಮೂವತ್ತೋ ನಲವತ್ತೋ ಇವೆ. ಬಾಗಿಲ ಪಕ್ಕ ಪುರಸಭೆಯ ಹಸಿರು ಬೋರ್ಡ್ ಇದ್ದರೆ ಅದು ವಸ್ತಿಮನೆ. ನನ್ನವು ಎರಡೇ ಕೋಣೆ. ಗಂಡ ತೀರಿಕೊಂಡ ಮೇಲೆ ಹದಿನೆಂಟು ವರ್ಷ ನನಗೆ ಅನ್ನ ಹಾಕಿದ್ದು ಆ ಎರಡು ಕೋಣೆಗಳೇ.

ಇನ್ನು ಹೊಸ್ತಿಲಿನ ಸಂಗತಿ. ಹೊರಗಿನವರು ಯಾರಾದರೂ ಮನೆಯಲ್ಲಿ ಒಂದು ರಾತ್ರಿ ಮಲಗಿದರೆ ನಮ್ಮೂರಲ್ಲಿ ಆ ಮನೆಯ ಹೊಸ್ತಿಲು ಒಂದು ಬೆರಳು ಏರುತ್ತದೆ. ಇಬ್ಬರು ಮಲಗಿದರೆ ಎರಡು ಬೆರಳು. ಪ್ರತಿ ಸೋಮವಾರ ಅಳತೆಯ ಬಾಳಪ್ಪ ಹಿತ್ತಾಳೆಯ ಕೋಲು ಹಿಡಿದು ಬಂದು ಅಳೆದು ಬರೆದುಕೊಂಡು ಹೋಗುತ್ತಾನೆ. ನಾವು ಪುರಸಭೆಗೆ ಹೋಗಿ, ಮಲಗಿದವರ ಹೆಸರು ಬರೆಸಿ, ಸಂಬಂಧ ‘ಹೊರಗಿನವರು’ ಅಂತ ತುಂಬಿ, ನಾವೋ ಮಲಗಿದವರೋ ಸಹಿ ಹಾಕಿ, ಬೆರಳಿಗೆ ಇಷ್ಟು ಅಂತ ಪಟ್ಟಿ, ಅಂದರೆ ತೆರಿಗೆ, ಕಟ್ಟಿ ರಸೀದಿ ತರಬೇಕು. ರಸೀದಿಯನ್ನು ಹೊಸ್ತಿಲ ಮೇಲಿಟ್ಟು ಒಂದು ತಂಬಿಗೆ ನೀರು ಹೊಯ್ದರೆ ಸಂಜೆಯೊಳಗೆ ಅದು ಇಳಿದು ಮೊದಲಿನಂತಾಗುತ್ತದೆ. ಕಟ್ಟದೆ ಬಿಟ್ಟರೆ ಏರುತ್ತಲೇ ಇರುತ್ತದೆ. ಇಪ್ಪತ್ತನಾಲ್ಕು ಬೆರಳಾಯಿತೋ, ಹಸಿರು ಬೋರ್ಡ್ ಕಿತ್ತುಕೊಂಡು ಹೋಗುತ್ತಾರೆ. ಮತ್ತೆ ಜನ್ಮದಲ್ಲಿ ಕೊಡುವುದಿಲ್ಲ.

ಬರುವವರೆಲ್ಲ ಮಂಡಿನೋವಿನವರು, ಏರುವುದು ಹೊಸ್ತಿಲು. ದೇವರ ತಮಾಷೆ ನೋಡಿ. ಅದಕ್ಕೇ ನಾವು ವಾರ ತಪ್ಪದೆ ಕಟ್ಟಿಬಿಡುತ್ತೇವೆ. ಹಂಗಾಮಿನಲ್ಲಿ ಪ್ರತಿ ಮನೆಯ ಮುಂದೆ ಒಂದು ಮಣೆ, ಹಿಡಿದುಕೊಳ್ಳಲು ಒಂದು ಹಗ್ಗ ಇರುತ್ತದೆ. ಹೊಸ ಸೊಸೆ ಬಂದ ಮನೆಯ ಮುಂದೆ ಮರುದಿನ ಬೆಳಿಗ್ಗೆ ಓಣಿಯ ಹೆಂಗಸರಿಗೆಲ್ಲ ಏನೋ ಒಂದು ಕೆಲಸ ಬೀಳುತ್ತದೆ. ಕೆಲವು ಮನೆಗಳಲ್ಲಿ ಸೊಸೆ ಬಂದ ರಾತ್ರಿ ಹೊಸ್ತಿಲು ಅಲ್ಲಾಡುವುದಿಲ್ಲ, ಕೆಲವು ಮನೆಗಳಲ್ಲಿ ಎರಡು ವರ್ಷ ಏರಿದ್ದುಂಟು. ನನ್ನ ಗಂಡ ಮನೆಯಳಿಯನಾಗಿ ಈ ಮನೆಗೆ ಬಂದಾಗ ಎಂಟು ತಿಂಗಳು ಏರಿತ್ತು. ಅಪ್ಪ ತುಟಿಪಿಟಕ್ಕೆನ್ನದೆ ಕಟ್ಟಿದ. ಆಮೇಲೆ ಒಂದು ದಿನ ನಿಂತಿತು. ನಿಂತಿತಲ್ಲ, ದುಡ್ಡು ಉಳಿಯಿತಲ್ಲ ಎಂದು ನಾವು ಅದರ ಗೊಡವೆಗೆ ಹೋಗಲಿಲ್ಲ.

ದೊಡ್ಡವರಿಗೆ ಈ ತಾಪತ್ರಯ ಏನೂ ಇಲ್ಲ. ಹೊಂಡದ ಎದುರಿಗೇ ತೋಟಪ್ಪನ ಲಾಡ್ಜ್ ಇದೆ, ಅರವತ್ತು ಕೋಣೆ. ಅವನು ಹೊಸ್ತಿಲನ್ನೇ ಕೀಳಿಸಿ ಶಟರ್ ಹಾಕಿಸಿದ. ಹೊಸ್ತಿಲಿಲ್ಲದ ಮೇಲೆ ಬಾಳಪ್ಪ ಅಳೆಯುವುದು ಏನನ್ನು? ವರ್ಷಕ್ಕೊಮ್ಮೆ ಇಷ್ಟು ಅಂತ ಏನೋ ಒಂದು ಕೊಟ್ಟು ಕೈತೊಳೆದುಕೊಳ್ಳುತ್ತಾನೆ. ಅರಿಸಿನ ಕುಂಕುಮ ಇಡಲು ಒಂದು ಹೊಸ್ತಿಲು ಬೇಕು ಅನ್ನುವ ನಮ್ಮಂಥವರೇ ಬೆರಳು ಬೆರಳಿಗೂ ಲೆಕ್ಕ ಕೊಡಬೇಕು. ಇದು ಯಾವ ಸೀಮೆಯ ನ್ಯಾಯ!

ಇರಲಿ, ಅಕ್ಕನ ವಿಷಯಕ್ಕೆ ಬರುತ್ತೇನೆ. ಯುಗಾದಿ ಕಳೆದ ಮೇಲೆ, ಹಂಗಾಮು ಮುಗಿದು ಎರಡೂ ಕೋಣೆ ಖಾಲಿ ಬಿದ್ದಿದ್ದಾಗ, ಒಂದು ಮಂಗಳವಾರ ಮಧ್ಯಾಹ್ನ ನನ್ನ ಅಕ್ಕ ಚಂದ್ರವ್ವ ಒಂದು ತಗಡಿನ ಟ್ರಂಕು ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಳು. ನನಗಿಂತ ಆರು ವರ್ಷ ದೊಡ್ಡವಳು, ಅರವತ್ತೊಂದಾಗಿದೆ. ಮದುವೆಯಾಗಿ ಹೋದ ಮೇಲೆ ವರ್ಷಕ್ಕೆ ಎರಡು ಸಲ ಬಂದರೆ ಹೆಚ್ಚು, ಬಂದರೂ ರಾತ್ರಿ ಉಳಿದವಳಲ್ಲ.

“ನೀಲಿ, ನಾ ಇನ್ನ ಆ ಮನಿಗೆ ಹೋಗಂಗಿಲ್ಲ,” ಅಂದಳು. “ಇಲ್ಲೇ ಇರತೇನಿ. ನಡೀತೈತಿಲ್ಲೋ?”

ನಡೆಯುತ್ತದೋ ಇಲ್ಲವೋ ಅಂತ ಕೇಳುವ ಮಾತೇ ಅದು! ನಾನು ಟ್ರಂಕು ಕಸಿದುಕೊಂಡು ಒಳಗಿಟ್ಟೆ. ಗಂಡ ಹೊಡೆದನೇ ಎಂದರೆ ಇಲ್ಲ. ಬೈದನೇ ಎಂದರೆ ಅದೂ ಇಲ್ಲ. ಹನ್ನೊಂದು ವರ್ಷದಿಂದ ಅವಳ ಜೊತೆ ಮಾತೇ ಆಡಿಲ್ಲವಂತೆ. ಊಟಕ್ಕೆ ಕೂರುತ್ತಾನೆ, ತಟ್ಟೆ ನೋಡುತ್ತಾನೆ, ಏಳುತ್ತಾನೆ. ಉಪ್ಪು ಕಡಿಮೆಯಾದರೂ ಹೇಳುವುದಿಲ್ಲ. ಮಕ್ಕಳಿಲ್ಲ. ಆ ದೊಡ್ಡ ಮನೆಯಲ್ಲಿ ಅವಳು ಗೋಡೆಗೆ ಮಾತಾಡಿಕೊಂಡು ಇದ್ದಳಂತೆ.

ಇನ್ನು ಮೇಲೆ ನನ್ನಕ್ಕ ರಾಣಿಯ ಹಾಗಿರಬೇಕು ಎಂದು ಅವತ್ತೇ ಗಟ್ಟಿ ಮಾಡಿಕೊಂಡೆ. ಗಾಳಿ ಚೆನ್ನಾಗಿ ಬರುವ ಎರಡನೇ ನಂಬರ್ ಕೋಣೆ ಕೊಟ್ಟೆ. ಇಸ್ತ್ರಿ ಮಾಡಿದ ಚಾದರ ಹಾಸಿದೆ, ದಿನ ಬಿಟ್ಟು ದಿನ ಬದಲಾಯಿಸಿದೆ. ಬೆಳಿಗ್ಗೆ ಎದ್ದೊಡನೆ ಟ್ರೇಯಲ್ಲಿ ಕಪ್ಪು-ಬಸಿ ಇಟ್ಟು ಚಹಾ ಒಯ್ದೆ. ಇವತ್ತು ಊಟಕ್ಕೆ ಏನು ಮಾಡಲಿ ಅಕ್ಕಾ ಎಂದು ದಿನಾ ಕೇಳಿದೆ. ಅಡುಗೆಮನೆಗೆ ಬರಲು ಹೋದರೆ, ನೀನು ಕೂತ್ಕೋ, ಸೆಕೆಗೆ ಯಾಕೆ ಬರ್ತಿ ಎಂದು ವಾಪಸು ಕಳಿಸಿದೆ. ಒಂದು ತಂಬಿಗೆ ಎತ್ತಲು ಬಿಡಲಿಲ್ಲ. ಒಂದು ಬಿರುಸು ಮಾತು ಆಡಲಿಲ್ಲ. ನನ್ನ ಬಾಯಿ ಹೇಗೆಂದು ಓಣಿಗೆಲ್ಲ ಗೊತ್ತು, ಅಂಥವಳು ಮೂರು ವಾರ ಬೆಣ್ಣೆಯ ಹಾಗೆ ಮಾತಾಡಿದೆ. ಇದಕ್ಕಿಂತ ಹೆಚ್ಚು ಯಾವ ತಂಗಿ ಮಾಡುತ್ತಾಳೆ ಹೇಳಿ!

ಬುಧವಾರ ಬೆಳಿಗ್ಗೆ ಹೊಸ್ತಿಲು ತೊಳೆದು ಅರಿಸಿನ ಹಚ್ಚುವಾಗ ಕೈಗೆ ಗೊತ್ತಾಯಿತು, ಒಂದು ಬೆರಳು ಏರಿತ್ತು. ನಾನು ನಂಬಲಿಲ್ಲ. ಗುರುವಾರ ಎರಡಾಯಿತು. ಶುಕ್ರವಾರ ಮೂರು. ಮನೆಯಲ್ಲಿ ಬೇರೆ ನರಪಿಳ್ಳೆ ಇಲ್ಲ. ನಾನು ಹೊಸ್ತಿಲ ಮುಂದೆ ಕುಕ್ಕರುಗಾಲಲ್ಲಿ ಕೂತು ಅದಕ್ಕೇ ಬೈದೆ: “ಏ ನಾಚಿಕಿಗೇಡಿ, ನಿನ್ನ ಮ್ಯಾಲ ಕುಂತು ಅವ್ವನ ಕಡೆ ಬೈಸಿಕೊಂಡಾಕಿ ನಮ್ಮಕ್ಕ. ನಿನಗ ಗುರುತು ಸಿಗಲಿಲ್ಲೇನು?” ಹೊಸ್ತಿಲು ಏನು ಉತ್ತರ ಕೊಡುತ್ತದೆ? ಶನಿವಾರ ನಾಲ್ಕಾಯಿತು.

ಸೋಮವಾರ ಬಾಳಪ್ಪ ಬಂದು ಕೋಲು ಹಚ್ಚಿ, “ಆರು,” ಅಂದ.

“ಆರೂ ಇಲ್ಲ ಮೂರೂ ಇಲ್ಲ. ಅದು ನಮ್ಮಕ್ಕ,” ಅಂದೆ.

“ನನಗ ಗೊತ್ತೈತ್ರಿ ನೀಲವ್ವಾರ. ಚಂದ್ರಕ್ಕನ್ನ ನಾ ಸಣ್ಣಾವಿದ್ದಾಗಿಂದ ನೋಡೇನಿ. ಆದರ ಈ ಕೋಲಿಗೆ ಗೊತ್ತಿಲ್ಲಲ್ರೀ. ಪುರಸಭೆಗೆ ಹೋಗಿ ಒಂದ್ ಮಾತು ಹೇಳಿ ನೋಡ್ರಿ.”

ಹೋದೆ. ಪಟ್ಟಿ ವಿಭಾಗದ ಗುಮಾಸ್ತ ಈರಸಂಗಯ್ಯ ಕನ್ನಡಕದ ಮೇಲಿನಿಂದ ನೋಡಿದ. ಮೂವತ್ತು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತ ಆಸಾಮಿ.

“ಎಷ್ಟು ದಿನದ ಮಟ್ಟಿಗೆ ಬಂದಾರ?” ಅಂದ.

“ದಿನದ ಮಟ್ಟಿಗೆ ಅಲ್ರಿ. ಸಾಯೂತನಕ ಇರಾಕ ಬಂದಾಳ.”

“ಹಂಗಾದ್ರ ದೀರ್ಘ ವಸ್ತಿ,” ಎಂದು ಬೇರೆ ರಿಜಿಸ್ಟರ್ ತೆಗೆದ.

“ಸ್ವಾಮ್ಯಾರ, ಆಕಿ ಹುಟ್ಟಿದ್ದ ಆ ಮನ್ಯಾಗ. ಆಕಿ ತೊಟ್ಟಿಲ ಕಟ್ಟಿದ ಕೊಂಡಿ ಇನ್ನೂ ತೊಲ್ಯಾಗ ಐತಿ. ಬಂದು ನೋಡ್ರಿ ಬೇಕಾದ್ರ,” ಅಂದೆ.

“ಹುಟ್ಟಿದ್ದು ಖರೆ. ಕೊಟ್ಟ ಹೆಣ್ಣು ಕುಲಕ್ಕ ಹೊರಗ ಅಂತ ಹಿರ್ಯಾರು ಹೇಳಿಲ್ಲೇನವಾ? ಹೊಸ್ತಿಲಾ ಸುಳ್ಳ ಹೇಳಂಗಿಲ್ಲ.”

“ಹಂಗಾದ್ರ ನಿಮ್ಮ ತಂಗಿ ಪಂಚಮಿಗೆ ಬಂದಾಗ ನಿಮ್ಮ ಹೊಸ್ತಿಲಾ ಏರಿತ್ತೇನ್ರಿ?”

ಬಾಯಿ ಮುಚ್ಚಿಸಿದೆ ಅಂದುಕೊಂಡೆ. ಅವನು ಡ್ರಾಯರ್ ಎಳೆದು ಒಂದು ರಸೀದಿ ತೆಗೆದು ಮೇಜಿನ ಮೇಲಿಟ್ಟ. “ಏರಿತ್ತು. ಮೂರು ರಾತ್ರಿಗೆ ಮೂರು ಬೆರಳು. ಕಟ್ಟೇನಿ. ಕಾಯ್ದೆ ಎಲ್ಲಾರಿಗೂ ಒಂದ,” ಅಂದ. ಪುಣ್ಯಾತ್ಮ ಅದನ್ನು ಹೆಮ್ಮೆಯಿಂದ ಹೇಳಿದ! ಒಡಹುಟ್ಟಿದವಳನ್ನು ಹೊರಗಿನವಳು ಎಂದು ಬರೆದುಕೊಟ್ಟು, ಅದರ ರಸೀದಿಯನ್ನು ಪದಕದ ಹಾಗೆ ಕಾಪಾಡಿಕೊಂಡವನಿಗೆ ನಾನು ಏನು ಹೇಳಲಿ?

ವಿನಾಯಿತಿಗೆ ಒಂದು ಅರ್ಜಿ ಇದೆಯಂತೆ. ತವರಿಗೆ ಮರಳಿದ ಹೆಣ್ಣುಮಗಳು ಎಂಬ ಕಲಮಿನಡಿ ತುಂಬಬೇಕು. ಕೆಳಗೆ ಗಂಡನ ಸಹಿ ಬೇಕು, ನಾನು ಮನಸಾರೆ ಕಳಿಸಿಕೊಟ್ಟಿದ್ದೇನೆ ಎಂದು. ಅಲ್ಲ, ಹನ್ನೊಂದು ವರ್ಷ ಉಪ್ಪು ಕಡಿಮೆ ಎಂದು ಬಾಯಿ ಬಿಡದ ಮನುಷ್ಯ ಇದಕ್ಕೆ ಮನಸಾರೆ ಸಹಿ ಹಾಕುತ್ತಾನಂತೆ! ಆ ಅರ್ಜಿಯನ್ನು ಅಲ್ಲೇ ಮಡಚಿ ಈರಸಂಗಯ್ಯನ ಮೇಜಿನ ಕುಂಟುಕಾಲಿನ ಕೆಳಗೆ ತುರುಕಿ ಬಂದೆ.

ದುಡ್ಡಿನ ಮಾತಲ್ಲ ಇದು. ಆರು ಬೆರಳಿಗೆ ಕಟ್ಟಿಬಿಡುವಷ್ಟು ನನ್ನ ಹತ್ತಿರ ಇತ್ತು. ಆದರೆ ಸಂಬಂಧ ‘ಹೊರಗಿನವರು’ ಎಂದು ಬರೆದು ಅದರ ಕೆಳಗೆ ನಾನು ನೀಲವ್ವ ಅಂತ ಸಹಿ ಮಾಡಬೇಕಲ್ಲ, ಆ ಕೈ ನನಗಿರಲಿಲ್ಲ. ಬೋರ್ಡ್ ಹೋದರೆ ಹೋಗಲಿ, ಸಹಿ ಮಾತ್ರ ಹಾಕುವುದಿಲ್ಲ ಎಂದು ಹಟ ಹಿಡಿದೆ.

ಅಕ್ಕನಿಗೆ ನಾನೇನೂ ಹೇಳಲಿಲ್ಲ. ಹೇಳುವುದೇನು, ಅವಳಿಗೆ ಕಣ್ಣಿಲ್ಲವೇ? ಎರಡನೇ ಸೋಮವಾರ ಹದಿಮೂರಾಯಿತು. ಹೊಂಡಕ್ಕೆ ಹೋಗಿ ಬರುವಾಗ ಅವಳು ಬಾಗಿಲುಪಟ್ಟಿ ಹಿಡಿದು, ಒಂದು ಕಾಲು ಎತ್ತಿಟ್ಟು, ಉಸಿರು ಬಿಟ್ಟು, ಇನ್ನೊಂದು ಕಾಲು ಎಳೆದುಕೊಳ್ಳುತ್ತಿದ್ದಳು. ನಾನು ಓಡಿಹೋಗಿ ಕೈ ಹಿಡಿಯುತ್ತಿದ್ದೆ. ‘ನಿನಗ ತ್ರಾಸು ನೀಲಿ’ ಅನ್ನುತ್ತಿದ್ದಳು. ‘ಛೆ ಛೆ, ತ್ರಾಸೇನು ಅಕ್ಕಾ’ ಅನ್ನುತ್ತಿದ್ದೆ. ಹೀಗೆ ಇಬ್ಬರೂ ಮರ್ಯಾದೆಯಿಂದ ಸಾಯುತ್ತಿದ್ದೆವು.

ಮೂರನೇ ಸೋಮವಾರ ಬಾಳಪ್ಪ ಅಳೆದು ಇಪ್ಪತ್ತು ಎಂದ. ಹೋಗದೆ ಅಲ್ಲೇ ನಿಂತ. “ಶುಕ್ರವಾರಕ್ಕ ಇಪ್ಪತ್ನಾಲ್ಕು ಆಕ್ಕೈತ್ರಿ. ಬೋರ್ಡ್ ಕೀಳಾಕ ನನ್ನನ್ನ ಕಳಸತಾರ. ಆ ಪಾಪ ನನ್ನ ಕೈಲೆ ಮಾಡಸಬ್ಯಾಡ್ರಿ, ಕಟ್ಟಿಬಿಡ್ರಿ,” ಎಂದು ಕೈಮುಗಿದ. ನಾನು ದನಿ ಏರಿಸಿ ಕಟ್ಟುವುದಿಲ್ಲ ಎಂದೆ. ಆ ಏರಿದ ದನಿ ಎರಡನೇ ನಂಬರ್ ಕೋಣೆಗೆ ಕೇಳಿಸಿರಬೇಕು.

ಮರುದಿನ ಮಂಗಳವಾರ, ಇಪ್ಪತ್ತೊಂದು ಬೆರಳು. ನಾನು ಸಂತೆ ಮುಗಿಸಿ ಬರುವಷ್ಟರಲ್ಲಿ ಹನ್ನೆರಡಾಗಿತ್ತು. ನೋಡಿದರೆ ಅಕ್ಕ ಹೊಸ್ತಿಲ ಒಳಬದಿಗೆ ಬಗ್ಗಿ ನಿಂತಿದ್ದಾಳೆ, ಕೈಯಲ್ಲಿ ತಂಬಿಗೆ. ಹೊಸ್ತಿಲ ಮೇಲೆ ರಸೀದಿ. ನಾನು ಚೀಲ ಅಲ್ಲೇ ಒಗೆದು ಓಡಿ ರಸೀದಿ ಕಿತ್ತುಕೊಂಡೆ. ಮಲಗಿದವರ ಹೆಸರು ಚಂದ್ರವ್ವ, ಇಪ್ಪತ್ತೊಂದು ರಾತ್ರಿ, ಸಂಬಂಧ ಹೊರಗಿನವರು. ಕೆಳಗೆ ಅವಳದೇ ಸಹಿ, ಶಾಲೆಯಲ್ಲಿ ಕಲಿತ ಅದೇ ಗುಂಡು ಗುಂಡು ಅಕ್ಷರ. ತಂಬಿಗೆ ಹಿಡಿದ ಕೈ ನೋಡಿದೆ. ಎರಡು ಚಿನ್ನದ ಬಳೆಗಳಲ್ಲಿ ಒಂದೇ ಉಳಿದಿತ್ತು.

ಮೂರು ವಾರದ ಬೆಣ್ಣೆ ಅಲ್ಲಿಗೆ ಕರಗಿ ಹೋಯಿತು.

“ನಿನ್ನ ತಲಿ ಕೆಟ್ಟೈತೇನ?” ಎಂದು ಕಿರುಚಿದೆ. “ಯಾರನ್ನ ಕೇಳಿ ಕಟ್ಟಿದಿ? ನಾ ಅಲ್ಲಿ ಹೋಗಿ ನಮ್ಮಕ್ಕ, ನಮ್ಮಕ್ಕ ಅಂತ ಬಾಯಿ ಬಾಯಿ ಬಡಕೊಂಡು ಬರತೇನಿ, ನೀ ಹೋಗಿ ಹೊರಗಿನಾಕಿ ಅಂತ ಸಹಿ ಹಾಕ್ತಿ? ಅಪ್ಪ ಮಾಡಿಸಿದ ಬಳಿ ಮಾರಿಬಂದೀ? ಮೂಳಿ!” ಎನ್ನುತ್ತ ರಸೀದಿಯನ್ನು ನಾಲ್ಕು ಚೂರು ಮಾಡಿ ಎಸೆದೆ.

ಅವಳು ತಂಬಿಗೆಯನ್ನು ಠಣ್ ಎಂದು ಕೆಳಗಿಟ್ಟಳು.

“ಮತ್ತ ನಾ ಸುಳ್ಳು ಬರದೇನೇನ?” ಅವಳ ದನಿ ಅಷ್ಟು ಎತ್ತರಕ್ಕೆ ಹೋಗುತ್ತದೆಂದು ನಾನು ಮರೆತೇಬಿಟ್ಟಿದ್ದೆ. “ನನಗ ಕೊಟ್ಟ ಟವೆಲ್ ನೋಡೀಯೇನ? ಕೆಂಪು ದಾರದಾಗ ಎರಡು ಅಂತ ನಂಬರ್ ಐತಿ. ಬಸ್ಯಾಗ ಚಹಾ ತರತಿ. ದಿನಾ ಮುಂಜಾನೆ ಊಟಕ್ಕ ಏನು ಮಾಡ್ಲಿ ಅಂತ ಕೇಳತಿ. ಅಡಗಿಮನಿ ಬಾಗಲಕ್ಕ ಏನು ಬೋರ್ಡ್ ಬಡದೀ, ಓದು! ವಸ್ತಿಗೆ ಬಂದವರಿಗೆ ಪ್ರವೇಶವಿಲ್ಲ. ಇಪ್ಪತ್ತೊಂದು ದಿನ ಆತು, ಆ ಬೋರ್ಡ್ ದಾಟಿ ಒಳಗ ಕಾಲಿಡಾಕ ಬಿಟ್ಟೀಯೇನ ನನ್ನ?”

“ನಿನಗ ದಣಿವಾಗಬಾರದಂತ ಮಾಡಿದರ...”

“ಅವ್ವನ ಕೌದಿ ಎಲ್ಲೈತಿ?”

ಅವ್ವ ತನ್ನ ಹಳೆಯ ಸೀರೆಗಳನ್ನು ಕೂಡಿಸಿ ನಮ್ಮಿಬ್ಬರಿಗೆಂದು ಹೊಲಿದ ಕೌದಿ ಅದು. ಮದುವೆಯಾಗಿ ಹೋಗುವ ತನಕ ಅಕ್ಕ ನಾನು ಅದರ ಕೆಳಗೇ ಮಲಗುತ್ತಿದ್ದೆವು. “ನನ್ನ ಹಾಸಿಗ್ಯಾಗ ಐತಿ. ಕೇಳಿದ್ರ ಕೊಡತಿದ್ದೆ,” ಅಂದೆ.

“ಮನಿಯಾವರು ಕೇಳಿ ತಗೋತಾರೇನ?”

ಆದರೆ ನಾನು ಸೋಲುವವಳೇ? ಅವಳು ನನ್ನ ಪಾಟಿ ಒಡೆದದ್ದು, ನಾನು ಅವಳ ಪಾಲಿನ ಬೆಲ್ಲ ಕದ್ದದ್ದು, ಅವ್ವ ಹಾಸಿಗೆ ಹಿಡಿದಾಗ ಅವಳು ಬರದೇ ಹೋದದ್ದು, ಬರಬೇಕೆಂದು ನಾನು ಒಂದು ಕಾಗದ ಹಾಕದೇ ಇದ್ದದ್ದು, ಎಲ್ಲ ಬಂತು. ನಲವತ್ತು ವರ್ಷದ ಬಾಕಿ ಅದು. ಹೊಸ್ತಿಲ ಆಚೆ ನಾನು, ಈಚೆ ಅವಳು, ನಡುವೆ ಇಪ್ಪತ್ತೊಂದು ಬೆರಳು. ಓಣಿಯವರು ಬಂದು ನಿಂತರು. “ನೋಡಾಕ ಏನೈತಿ ಇಲ್ಲಿ? ನಡೀರಿ ನಿಮ್ಮ ನಿಮ್ಮ ಮನಿಗೆ!” ಎಂದು ಅವರನ್ನು ಇಬ್ಬರೂ ಒಂದೇ ಸಲಕ್ಕೆ ಗದರಿದೆವು. ಮತ್ತೆ ನಮ್ಮದನ್ನು ಮುಂದುವರಿಸಿದೆವು.

ಕೊನೆಗೆ ಅವಳಿಗೆ ಉಸಿರು ಸಾಲದಾಯಿತು. ಏರಿದ ಹೊಸ್ತಿಲ ಮೇಲೆಯೇ ಕೂತುಬಿಟ್ಟಳು. ಹೊಸ್ತಿಲ ಮೇಲೆ ಕೂರಬಾರದು ಎಂದು ಅವ್ವ ಎಷ್ಟು ಸಲ ಬೈದಿದ್ದಳೋ! ಸೆರಗಿನಿಂದ ಮುಖ ಒರೆಸಿಕೊಂಡಳು, ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೊತ್ತಾಗಲಿಲ್ಲ.

“ಹನ್ನೊಂದು ವರ್ಷ ಆಗಿತ್ತು ನೀಲಿ,” ಅಂದಳು. “ನನ್ನ ಜೋಡಿ ಯಾರೂ ಜಗಳಾ ಮಾಡಿದ್ದಿಲ್ಲ.”

ನನಗೆ ಆಗ ಅಳು ಬಂತು, ಹೇಳಲು ನಾಚಿಕೆ ಏನಿದೆ. ಬೈಯುವವರಿಲ್ಲದೆ ಒಣಗಿ ಬಂದವಳಿಗೆ ನಾನು ಮೂರು ವಾರ ಬಸಿಯಲ್ಲಿ ಚಹಾ ಕೊಟ್ಟಿದ್ದೆ. ಹದಿನೆಂಟು ವರ್ಷ ಹೊರಗಿನವರಿಗೆ ಮಾಡಿ ಮಾಡಿ ನನ್ನ ಕೈಗೆ ಅದೊಂದೇ ಪ್ರೀತಿ ಗೊತ್ತಿತ್ತು.

ಆ ಹೊತ್ತಿಗೆ ಅವಳು ಎದ್ದು, ನನ್ನ ಸಂತೆಯ ಚೀಲ ಎತ್ತಿಕೊಂಡು ನೆಟ್ಟಗೆ ಅಡುಗೆಮನೆಗೆ ಹೋಗಿದ್ದಳು. ಒಳಗಿನಿಂದ ಡಬ್ಬಿಗಳ ಸದ್ದು. “ಬ್ಯಾಳಿ ಎಲ್ಲಿ ಇಟ್ಟೀ? ಖಾರದಪುಡಿ ಮಗ್ಗಲಕ ಯಾರರ ಸಕ್ಕರಿ ಇಡತಾರ? ಅವ್ವ ನಿನಗ ಏನೂ ಕಲಿಸಲಿಲ್ಲ ಬಿಡು,” ಎಂದು ಶುರುವಾಯಿತು. ಅವತ್ತಿನ ಸಾರು ಉಪ್ಪುಪ್ಪಾಗಿತ್ತು, ಹಾಗೆಂದು ಅವಳ ಮುಖಕ್ಕೆ ಹೇಳಿದೆ. ಬ್ಯಾಡಾದರ ಏಳು ಅಂದಳು. ಮಲಗುವ ಹೊತ್ತಿಗೆ ನೋಡಿದರೆ ನನ್ನ ಹಾಸಿಗೆಯಲ್ಲಿ ಕೌದಿ ಇರಲಿಲ್ಲ.

ಬುಧವಾರ ಬೆಳಿಗ್ಗೆ ಅರಿಸಿನ ಹಚ್ಚಲು ಕೂತೆ. ಬೆರಳು ಇಟ್ಟು ಇಟ್ಟು ಎಣಿಸಿದೆ. ಇಪ್ಪತ್ತೊಂದು. ಇನ್ನೊಮ್ಮೆ ಎಣಿಸಿದೆ. ಇಪ್ಪತ್ತೊಂದೇ. ಆಗ ನೆನಪಾಯಿತು, ಅಪ್ಪ ನನ್ನ ಗಂಡನನ್ನು ‘ಅಳಿಯಂದಿರೇ’ ಅನ್ನುವುದು ಬಿಟ್ಟು, ‘ಏ ಕತ್ತೆ, ಎತ್ತಿಗೆ ನೀರು ಕುಡಿಸಿದಿಯೋ ಇಲ್ಲೋ’ ಎಂದು ಮೊದಲ ಸಲ ಬೈದದ್ದು ಆ ಎಂಟನೇ ತಿಂಗಳಲ್ಲಿ. ನನ್ನ ಸಿಟ್ಟು ಹಾಗಂತ ಇಳಿಯಿತು ಅಂದುಕೊಳ್ಳಬೇಡಿ. ಇಷ್ಟು ಗೊತ್ತಿದ್ದ ಹೊಸ್ತಿಲು ಅದನ್ನು ಮೊದಲೇ ಹೇಳಲು ಏನಾಗಿತ್ತು ಧಾಡಿ? ಈರಸಂಗಯ್ಯನ ಮನೆಯಲ್ಲಿ ಪಂಚಮಿಗೆ ಬಂದ ತಂಗಿಗೆ ಯಾವ ತಟ್ಟೆಯಲ್ಲಿ ಬಡಿಸಿದರೋ, ಅದನ್ನು ಕೇಳುವವರು ಯಾರು? ಆ ಸಿಟ್ಟಿನಲ್ಲೇ ಅಡುಗೆಮನೆಯ ಬೋರ್ಡನ್ನು ಕಿತ್ತು ಒಲೆಗೆ ಹಾಕಿದೆ.

ಮುಂದಿನ ಸೋಮವಾರ ಬಾಳಪ್ಪ ಅಂಜುತ್ತ ಬಂದ. ರಸೀದಿ ಹರಿದರೂ ಪಟ್ಟಿ ಕಟ್ಟಿದ್ದು ಕಟ್ಟಿದ ಹಾಗೇ ಅಂತೆ, ಅದಕ್ಕೆ ಬೋರ್ಡ್ ಉಳಿಯಿತು. ಇನ್ನೊಂದು ರಸೀದಿ ಬೇಕಾದರೆ ಅರ್ಜಿ ಕೊಡಬೇಕಂತೆ. ಆ ಸಾಲು ಇನ್ನೊಮ್ಮೆ ಬರೆಸಲು ನಾನು ಹೋಗುತ್ತೇನೆಯೇ? ಇಪ್ಪತ್ತೊಂದು ಬೆರಳು ಹಾಗೇ ಇದೆ, ಎದುರಿಗೆ ಎರಡು ಕಲ್ಲು ಇಟ್ಟು ಮೆಟ್ಟಿಲು ಮಾಡಿದ್ದೇನೆ. ಮುಂದೆ ಹಂಗಾಮಿನಲ್ಲಿ ಬರುವವರ ಬೆರಳು ಅದರ ಮೇಲಿಂದ ಎಣಿಸಿಕೊಳ್ಳಲಿ. ಯಾವುದು ನನ್ನ ತಪ್ಪು, ಯಾವುದು ಅವರದು ಎಂದು ಬಂದವರಿಗೆಲ್ಲ ಅದನ್ನು ತೋರಿಸಿಯೇ ಹೇಳುತ್ತೇನೆ.

ಬಾಳಪ್ಪ ಕೋಲು ಹಚ್ಚಿದ, ಕಣ್ಣು ಕಿರಿದು ಮಾಡಿ ನೋಡಿದ, ಮತ್ತೊಮ್ಮೆ ಹಚ್ಚಿದ. “ಹ್ವಾದ ಮಂಗಳವಾರದಿಂದ ಒಂದು ಬೆರಳರ ಏರಿಲ್ಲಲ್ರೀ,” ಅಂದ. ಆಮೇಲೆ ಮೆಲ್ಲಗೆ, “ಚಂದ್ರಕ್ಕ ಹೋಗಿಬಿಟ್ರೇನ್ರಿ?” ಎಂದು ಕೇಳಿದ.

ನಾನು ಬಾಯಿ ತೆಗೆಯುವ ಮೊದಲೇ ಅಡುಗೆಮನೆಯಿಂದ ದನಿ ಬಂತು. “ಏ ನೀಲೀ! ಒಲಿ ಮ್ಯಾಲ ಹಾಲಿಟ್ಟು ಎಲ್ಲಿ ಸತ್ತೀ?”

ಬಾಳಪ್ಪ ಕೋಲನ್ನು ಬಗಲಿಗೆ ಸೇರಿಸಿಕೊಂಡು ಬರೆದುಕೊಂಡ: ಮನೆಯವರು, ಇಬ್ಬರು.